‘ಚೆನ್ನಾಗಿದಾರೆ ಸಿಸ್ಟರ್’ ಎನ್ನುವ ಮುನ್ನ

ಕ್ಯಾನ್ಸರ್ ರೋಗಿಯ ಜೊತೆ ಆಸ್ಪತ್ರೆಗೆ ಬರುವವರಿಗೆ ಒಂದು ಬಹಿರಂಗ ಪತ್ರ

ಅಪ್ಪನ ಫೈಲು ಹಿಡಿದು ಬರುವ ಮಗನಿಗೆ, ಹೆಂಡತಿಯ ಮಾತ್ರೆಗಳ ಲೆಕ್ಕ ಇಡುವ ಗಂಡನಿಗೆ, ಅತ್ತೆಯನ್ನು ಬಸ್ಸು ಹತ್ತಿಸಿ ಇಳಿಸುವ ಸೊಸೆಗೆ, ಬೆಂಗಳೂರಿನ ಕಿದ್ವಾಯಿಯ ಆವರಣದಲ್ಲೋ ಹುಬ್ಬಳ್ಳಿ ನವನಗರದ ಆಸ್ಪತ್ರೆಯ ಮುಂದೆಯೋ ಸರದಿಗೆ ಕಾಯುತ್ತ ಕೂತಿರುವ ಎಲ್ಲರಿಗೂ ನಮಸ್ಕಾರ.

ನಾನು ನರ್ಸ್. ಕಿಮೋ ಕೊಡುವ ಡೇ ಕೇರ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ಆಮೇಲೆ ಹೊಸ ಔಷಧಗಳ ಪ್ರಯೋಗ ನಡೆಯುವಾಗ ರೋಗಿಗಳ ದಾಖಲೆ ಬರೆಯುವ ಕೆಲಸಕ್ಕೂ ನನ್ನನ್ನು ಹಾಕಿದರು. ಎರಡೂ ಕಡೆ ನಾನು ಕೇಳುತ್ತ ಬಂದದ್ದು ಒಂದೇ ಪ್ರಶ್ನೆ: ಹೋದ ಸಲ ಔಷಧಿ ಕೊಟ್ಟ ಮೇಲೆ ಏನೇನು ತೊಂದರೆ ಆಯಿತು? ಉತ್ತರ ರೋಗಿಯ ಬಾಯಿಂದ ಬಂದದ್ದು ಕಡಿಮೆ. ಅವರು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತವರು ಹೇಳಿಬಿಡುತ್ತಿದ್ದರು: ‘ಏನಿಲ್ಲ ಸಿಸ್ಟರ್, ಚೆನ್ನಾಗಿದಾರೆ. ಸ್ವಲ್ಪ ಸುಸ್ತು, ಅಷ್ಟೆ.’

ಆ ಉತ್ತರ ಫೈಲಿನೊಳಗೆ ಹೋದ ಮೇಲೆ ಏನಾಗುತ್ತದೆ ಎಂದು ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಹೇಳುವಷ್ಟು ಪುರುಸೊತ್ತು ನಮ್ಮ ಓಪಿಡಿಗಳಲ್ಲಿ ಯಾರಿಗಿದೆ? ನಿಮ್ಮ ಉತ್ತರ ಫೈಲಿನಲ್ಲಿ ಒಂದು ಅಂಕಿಯಾಗುತ್ತದೆ. ವಾಂತಿಗೊಂದು, ಭೇದಿಗೊಂದು, ಬಾಯಿಹುಣ್ಣಿಗೊಂದು, ಸುಸ್ತಿಗೊಂದು, ಹೀಗೆ ಪ್ರತಿ ತೊಂದರೆಗೂ ಒಂದು ಗ್ರೇಡ್. ಮುಂದಿನ ಸೈಕಲ್ ಇವತ್ತೇ ಕೊಡಬೇಕೆ, ವಾರ ಮುಂದೂಡಬೇಕೆ, ಡೋಸ್ ಇಳಿಸಬೇಕೆ, ಆ ಔಷಧವನ್ನೇ ಬಿಡಬೇಕೆ ಎಂದು ತೀರ್ಮಾನಿಸುವಾಗ ಡಾಕ್ಟರು ರಕ್ತದ ರಿಪೋರ್ಟಿನ ಜೊತೆ ನೋಡುವುದು ಈ ಅಂಕಿಗಳನ್ನು. ರಕ್ತದ ರಿಪೋರ್ಟನ್ನು ಯಂತ್ರ ಕೊಡುತ್ತದೆ. ಉಳಿದದ್ದು ನಿಮ್ಮ ಬಾಯಿಂದ ಬರಬೇಕು.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಫೈಲಿನಲ್ಲಿ ಗ್ರೇಡ್ 3 ಎಂದು ಬರೆದದ್ದು ಕಂಡು, ಕಾಯಿಲೆ ಮೂರನೇ ಹಂತಕ್ಕೆ ಹೋಯಿತೆಂದು ಕಾರಿಡಾರಿನಲ್ಲೇ ಅತ್ತವರಿದ್ದಾರೆ. ಕ್ಯಾನ್ಸರ್ ಮೈಯಲ್ಲಿ ಎಷ್ಟು ಹರಡಿದೆ ಎಂಬುದನ್ನು ಹೇಳುವುದು ಸ್ಟೇಜ್. ಬಯಾಪ್ಸಿಯಲ್ಲಿ ತೆಗೆದ ಕೋಶಗಳು ಸೂಕ್ಷ್ಮದರ್ಶಕದಡಿ ಎಷ್ಟು ಕೆಟ್ಟಂತೆ ಕಾಣುತ್ತವೆ ಎಂಬುದಕ್ಕೆ ಬೇರೆಯೇ ಒಂದು ಗ್ರೇಡ್ ಇದೆ. ನಾನು ಹೇಳುತ್ತಿರುವುದು ಇವೆರಡೂ ಅಲ್ಲದ ಮೂರನೆಯ ಲೆಕ್ಕ, ಚಿಕಿತ್ಸೆಯಿಂದ ಆದ ತೊಂದರೆಯದು. ಮೊದಲ ಸ್ಟೇಜಿನ ರೋಗಿಗೂ ನಾಲ್ಕನೇ ಗ್ರೇಡಿನ ಅಡ್ಡಪರಿಣಾಮ ಆಗಬಹುದು.

ಈ ಗ್ರೇಡನ್ನು ಡಾಕ್ಟರು ತಮಗೆ ತೋಚಿದಂತೆ ಹಾಕುವುದಿಲ್ಲ. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಕೈಪಿಡಿ ತಂದಿತ್ತು. ಎಂಬತ್ತರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತನ್ನದೊಂದು ಪಟ್ಟಿ ಮಾಡಿತು. ಅದೇ ಬೆಳೆದು ಇಂದು ಸಿಟಿಸಿಎಇ ಎಂಬ ಹೆಸರಲ್ಲಿ ಜಗತ್ತಿನ ಕ್ಯಾನ್ಸರ್ ಆಸ್ಪತ್ರೆಗಳಲ್ಲೆಲ್ಲ ಬಳಕೆಯಲ್ಲಿದೆ. 2017ರ ನವೆಂಬರಿನಲ್ಲಿ ಪ್ರಕಟವಾದ ಐದನೇ ಆವೃತ್ತಿಯಲ್ಲಿ ಎಂಟುನೂರಕ್ಕೂ ಹೆಚ್ಚು ತೊಂದರೆಗಳಿವೆ. ನಾನಿಲ್ಲಿ ಹೇಳುವ ಅಂಕಿಗಳು ಆ ಆವೃತ್ತಿಯವು. ಹೊಸ ಆವೃತ್ತಿ ಬಂದಾಗ ಗೆರೆಗಳು ಅಲ್ಲಲ್ಲಿ ಸರಿಯುತ್ತವೆ. ಎಲ್ಲೆಡೆ ಒಂದೇ ಪಟ್ಟಿ ಏಕೆಂದರೆ, ಒಂದೊಂದು ಸಂತೆಯಲ್ಲಿ ಒಂದೊಂದು ಗಾತ್ರದ ಸೇರು ಇದ್ದರೆ ವ್ಯಾಪಾರ ನಡೆಯುವುದಿಲ್ಲ. ರಾಯಚೂರಿನ ರೋಗಿಯ ಭೇದಿಯನ್ನೂ ಟೋಕಿಯೊದ ರೋಗಿಯ ಭೇದಿಯನ್ನೂ ಒಂದೇ ಸೇರಿನಲ್ಲಿ ಅಳೆದರೆ ಮಾತ್ರ ಯಾವ ಔಷಧ ಎಷ್ಟು ಕಠಿಣ ಎಂದು ಗೊತ್ತಾಗುವುದು.

ಸ್ಥೂಲವಾಗಿ ಲೆಕ್ಕ ಇಷ್ಟು. ತೊಂದರೆ ಇದೆ, ಆದರೆ ಚಿಕಿತ್ಸೆ ಬೇಕಿಲ್ಲ ಎಂದರೆ ಗ್ರೇಡ್ 1. ಅಡುಗೆ, ಅಂಗಡಿ ಸಾಮಾನು, ಫೋನು, ದುಡ್ಡಿನ ವ್ಯವಹಾರ ಇಂಥವಕ್ಕೆ ಅಡ್ಡಿಯಾದರೆ, ಸಣ್ಣ ಚಿಕಿತ್ಸೆ ಬೇಕಾದರೆ 2. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ತುತ್ತು ಬಾಯಿಗಿಡುವುದು, ಕಕ್ಕಸಿಗೆ ಹೋಗಿಬರುವುದು ಇವೂ ತಾನಾಗಿ ಆಗದಿದ್ದರೆ, ಇಲ್ಲವೇ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 3. ಜೀವಕ್ಕೇ ಅಪಾಯವಾದರೆ 4. ಐದು ಎಂದರೆ ಆ ತೊಂದರೆಯಿಂದ ಸಾವು. ಎಲ್ಲ ತೊಂದರೆಗಳಿಗೂ ಐದು ಮೆಟ್ಟಿಲಿಲ್ಲ. ಕೂದಲು ಉದುರುವುದು ಎರಡಕ್ಕೇ ನಿಲ್ಲುತ್ತದೆ, ಸುಸ್ತು ಮೂರಕ್ಕೆ.

ಇದು ಬರೀ ಕಾಗದದ ವ್ಯವಹಾರ ಅನ್ನಿಸಿದರೆ ಕೆಪೆಸಿಟಬೈನ್ ಮಾತ್ರೆಯ ಉದಾಹರಣೆ ನೋಡಿ. ಸ್ತನ ಮತ್ತು ಕರುಳಿನ ಕ್ಯಾನ್ಸರಿಗೆ ಮನೆಯಲ್ಲೇ ನುಂಗುವ ಮಾತ್ರೆ ಅದು. ಅಂಗೈ ಅಂಗಾಲು ಕೆಂಪಾಗಿ, ಉರಿದು, ಸುಲಿಯುವುದು ಅದರ ಹೆಸರಾಂತ ಕಾಟ. ನೋವಿಲ್ಲದೆ ಚರ್ಮ ಸ್ವಲ್ಪ ಬದಲಾದರೆ ಗ್ರೇಡ್ 1, ಮಾತ್ರೆ ಮುಂದುವರಿಯುತ್ತದೆ. ನೋವು ಸೇರಿ ಮನೆಕೆಲಸ ತಪ್ಪಿದರೆ ಗ್ರೇಡ್ 2. ಕೈ ಸರಿಯಾಗುವವರೆಗೆ ಮಾತ್ರೆ ನಿಲ್ಲಿಸಬೇಕು, ಆಮೇಲೆ ಅದೇ ಪ್ರಮಾಣದಲ್ಲಿ ಶುರು ಮಾಡಬಹುದು. ಮತ್ತೆ ಬಂದರೆ ಶೇ. 75ಕ್ಕೆ ಇಳಿಸುತ್ತಾರೆ. ಮೊದಲ ಸಲವೇ ಗ್ರೇಡ್ 3ಕ್ಕೆ ಹೋಗಿದ್ದರೆ, ವಾಸಿಯಾದ ಮೇಲೂ ನೇರವಾಗಿ ಶೇ. 75ಕ್ಕೇ ಇಳಿಯುತ್ತದೆ. ಎರಡರಲ್ಲಿದ್ದಾಗ ಹೇಳಿದವರಿಗೆ ಪೂರ್ತಿ ಡೋಸ್ ಉಳಿಯಿತು. ತಡೆದುಕೊಂಡು ಮೂರು ಮುಟ್ಟಿಸಿದವರಿಗೆ ಕಾಲು ಭಾಗ ಹೋಯಿತು. ಸಹಿಸಿಕೊಂಡರೆ ಚಿಕಿತ್ಸೆ ಪೂರ್ತಿ ಸಿಗುತ್ತದೆ ಎಂದು ನೀವು ನಂಬಿದ್ದೀರಲ್ಲ, ನಡೆಯುವುದು ಅದರ ಉಲ್ಟಾ. ಇನ್ನೊಂದು: ‘ಉಷ್ಣ’ ಎಂದು ಆ ಅಂಗೈಗೆ ಮೆಹಂದಿ ಮೆತ್ತಿ ಕರೆತರಬೇಡಿ. ಮೆಹಂದಿಯ ಕೆಂಪಿನಡಿ ಔಷಧಿಯ ಕೆಂಪು ನಮಗೆ ಕಾಣುವುದಿಲ್ಲ.

ಭೇದಿಯ ಗ್ರೇಡ್ ನಿಂತಿರುವುದು ಎಣಿಕೆಯ ಮೇಲೆ. ಒಟ್ಟು ಎಷ್ಟು ಸಲ ಎಂಬುದಕ್ಕಿಂತ ಮಾಮೂಲಿಗಿಂತ ಎಷ್ಟು ಹೆಚ್ಚು ಎಂಬುದು ಮುಖ್ಯ. ದಿನಕ್ಕೊಮ್ಮೆ ಹೋಗುತ್ತಿದ್ದವರು ನಾಲ್ಕು ಸಲ ಹೋದರೆ ಗ್ರೇಡ್ 1, ಐದರಿಂದ ಏಳು ಸಲವಾದರೆ 2, ಎಂಟಾದರೆ 3. ‘ಲೂಸ್ ಮೋಷನ್ ಇದೆ’ ಎಂಬ ಮಾತಿನಿಂದ ಇವುಗಳಲ್ಲಿ ಯಾವುದು ಎಂದು ನಾನು ಹೇಗೆ ಬರೆಯಲಿ? ನೀವು ಎಣಿಸಿದ್ದೂ ಹಗಲಿನದು ಮಾತ್ರ ಆಗಿರುತ್ತದೆ. ನಿಮ್ಮ ನಿದ್ದೆ ಕೆಡಬಾರದೆಂದು ಅಮ್ಮ ಗೋಡೆ ಹಿಡಿದುಕೊಂಡು ರಾತ್ರಿ ಎಷ್ಟು ಸಲ ಎದ್ದು ಹೋದರು ಎಂಬುದು ಅವರಿಗೆ ಮಾತ್ರ ಗೊತ್ತು.

ಜ್ವರದ ವಿಷಯ ಬೇರೆ. ಅಲ್ಲಿ ಎಣಿಸುತ್ತ ಕೂರುವಂತಿಲ್ಲ. ಬಹಳಷ್ಟು ಕಿಮೋ ಔಷಧಗಳಲ್ಲಿ, ಕೊಟ್ಟ ಒಂದರಿಂದ ಎರಡು ವಾರದೊಳಗೆ ರಕ್ತದ ಬಿಳಿಕಣಗಳು ತಳ ಮುಟ್ಟುತ್ತವೆ. ಅಷ್ಟೊತ್ತಿಗೆ ರೋಗಿ ಊರು ಸೇರಿರುತ್ತಾರೆ. ನ್ಯೂಟ್ರೊಫಿಲ್ ಎಂಬ ಬಿಳಿಕಣ ಸಾವಿರಕ್ಕಿಂತ ಕೆಳಗಿಳಿದರೆ ಗ್ರೇಡ್ 3, ಐನೂರಕ್ಕಿಂತ ಕೆಳಗಾದರೆ 4. ವಿಚಿತ್ರವೆಂದರೆ ನಾಲ್ಕನೇ ಗ್ರೇಡಿನಲ್ಲಿರುವ ಮನುಷ್ಯ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ಮಾತಾಡುತ್ತಿರಬಹುದು. ಹೊರಗೆ ಏನೂ ಕಾಣದು. ಅಂಥವರಿಗೆ ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿತೆಂದರೆ, ಇಲ್ಲವೇ 100.4ರ ಮೇಲೆ ಒಂದು ಗಂಟೆ ನಿಂತಿತೆಂದರೆ ಅದು ತುರ್ತು. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನ ಬಸ್ಸಿಗೆ ಕಾಯಬೇಡಿ. ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಆಗಲೇ ಹೋಗಿ, ಫೈಲು ತೋರಿಸಿ, ‘ಕಿಮೋ ಆಗಿದೆ, ಕೌಂಟ್ ನೋಡಿ’ ಎಂದು ಮೊದಲ ಮಾತಿನಲ್ಲೇ ಹೇಳಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ‘ಮೈ ಸ್ವಲ್ಪ ಬೆಚ್ಚಗಿತ್ತು’ ಎಂಬುದು ಯಾವ ಗ್ರೇಡಿಗೂ ಸೇರುವುದಿಲ್ಲ.

ಇನ್ನು ಜೋಮು. ಪ್ಯಾಕ್ಲಿಟಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಈ ಮೂರೂ ನರಗಳಿಗೆ ಏಟು ಕೊಡುತ್ತವೆ. ಆಕ್ಸಾಲಿಪ್ಲಾಟಿನ್ ಆದವರಿಗೆ ತಣ್ಣೀರು ಮುಟ್ಟಿದರೂ ಬೆರಳಲ್ಲಿ ಮುಳ್ಳು ಆಡುತ್ತವೆ. ಸಿಸ್‌ಪ್ಲಾಟಿನ್ ಕಿವಿಯಲ್ಲಿ ಗುಂಯ್‌ಗುಡಿಸುತ್ತದೆ. ಅದರ ಜೋಮು ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಏರುತ್ತ ಹೋಗಬಹುದು. ಈ ತೊಂದರೆಗೆ ರಕ್ತಪರೀಕ್ಷೆ ಇಲ್ಲ. ‘ಜೋಮು ಇದೆಯಾ?’ ಎಂದು ಕೇಳಿದರೆ ‘ಹೂಂ, ಇದೆ’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದು 1ರದೋ 2ರದೋ 3ರದೋ ಎಂದು ತಿಳಿಯಬೇಕಾದರೆ ಕೈ ಏನು ಮಾಡುತ್ತಿದೆ ಎಂದು ನೋಡಬೇಕು. ಕಿವಿಯೋಲೆಯ ತಿರುಪು ಹಾಕಲು ಆಗುತ್ತದೆಯೆ? ಹೂ ಕಟ್ಟುವವರು ಕಟ್ಟುತ್ತಿದ್ದಾರೆಯೆ? ರೊಟ್ಟಿ ಬಡಿಯುವಾಗ ಹಿಟ್ಟು ಕೈಗೆ ತಿಳಿಯುತ್ತದೆಯೆ? ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಬೆರಳು ಎಲೆಯ ಅಂಚನ್ನು ಮೊದಲಿನಂತೆ ಮಡಿಸುತ್ತಿದೆಯೆ? ಅಂಗಿಯ ಗುಂಡಿ ಯಾರು ಹಾಕುತ್ತಾರೆ, ಅವರೋ ನೀವೋ? ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದೆ ಬರಿಗಾಲಲ್ಲಿ ಮುಂದೆ ನಡೆದದ್ದುಂಟೆ? ಹೂ ಕಟ್ಟಲಾಗದಿದ್ದರೆ ಎರಡು. ಗುಂಡಿ ನೀವು ಹಾಕುತ್ತಿದ್ದರೆ ಮೂರು. ಸಿಟಿಸಿಎಇ ಪಟ್ಟಿಯಲ್ಲಿ ಹೂವೂ ಇಲ್ಲ, ರೊಟ್ಟಿಯೂ ಇಲ್ಲ; ಅದನ್ನು ಬರೆದವರಿಗೆ ಇವು ಗೊತ್ತಿರಲಿಲ್ಲ. ಅಲ್ಲಿರುವ ಅಡುಗೆ, ಅಂಗಡಿ, ಫೋನು, ದುಡ್ಡಿನ ಲೆಕ್ಕವನ್ನೇ ಹಿಡಿದು ಕೇಳಿದರೆ ನಮ್ಮಲ್ಲಿ ಬರುವ ಉತ್ತರ ‘ದುಡ್ಡೆಲ್ಲ ಮಗ ನೋಡ್ಕೋತಾನೆ, ಫೋನು ನಂಗೆ ಬರಲ್ಲ’. ಜೋಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಅವರ ದಿನ ಹೇಗೆ ಕಳೆಯುತ್ತಿತ್ತು, ಈಗ ಹೇಗೆ ಕಳೆಯುತ್ತಿದೆ ಎಂದು ನಮಗೆ ಹೇಳಬಲ್ಲವರು ನೀವು. ಆ ಮನೆಯಲ್ಲಿ ಇರುವವರು ನೀವು, ನಾವಲ್ಲ.

ಬಾಯಿ ಮತ್ತು ಗಂಟಲಿಗೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳುವವರ ಮನೆಯವರಿಗೂ ಒಂದು ಮಾತು. ‘ಊಟ ಮಾಡ್ತಾರೆ’ ಎನ್ನುತ್ತೀರಿ. ಮುದ್ದೆಯೋ, ಮೆತ್ತಗೆ ಕಲಸಿದ ಸಾರನ್ನವೋ, ಬರೀ ಮಜ್ಜಿಗೆಯೋ? ಹುಣ್ಣಿದ್ದೂ ಊಟದ ಬಗೆ ಬದಲಿಸಿಕೊಂಡು ಹೊಟ್ಟೆ ತುಂಬುತ್ತಿದ್ದರೆ ಗ್ರೇಡ್ 2. ನೋವಿಗೆ ಹೆದರಿ ನುಂಗುವುದೇ ಕಡಿಮೆಯಾಗಿದ್ದರೆ ಅದು ಗ್ರೇಡ್ 3, ಮೂಗಿನ ನಳಿಕೆಯ ಮಾತು ಬರುವ ಹೊತ್ತು. ತೂಕವನ್ನು ಒಂದೇ ತಕ್ಕಡಿಯಲ್ಲಿ ನೋಡಿಸಿ. 60 ಕಿಲೋ ಇದ್ದವರು 57ಕ್ಕೆ ಬಂದರೆ ಗ್ರೇಡ್ 1 ಆಗಲೇ ಶುರುವಾಗಿದೆ. 54ಕ್ಕೆ ಬಂದರೆ 2.

ಈ ಪಟ್ಟಿಯಲ್ಲಿ ಊನಗಳಿಲ್ಲವೆ? ಇವೆ. ಮದುವೆ ಎದುರಿಗಿರುವ ಹುಡುಗಿಯ ತಲೆ ಪೂರ್ತಿ ಬೋಳಾದರೂ ಗ್ರೇಡ್ ಎರಡನ್ನು ದಾಟುವುದಿಲ್ಲ. ಅವಳ ಕಣ್ಣಿಗೆ ಕಾಣದ ಬಿಳಿಕಣದ ಕೌಂಟ್ ನಾಲ್ಕನೇ ಗ್ರೇಡಿಗೆ ಹೋದರೂ ಅವಳು ಅಳುವುದು ಕೂದಲಿಗೆ. ಪಟ್ಟಿ ಅಪಾಯವನ್ನು ಅಳೆಯಲು ಹುಟ್ಟಿದ್ದು, ಅಳುವಿಗೆ ಅದರಲ್ಲಿ ಜಾಗ ಕಡಿಮೆ. ಇದಕ್ಕಿಂತ ದೊಡ್ಡ ಊನ ಕಾಲದ್ದು. ಎರಡು ದಿನ ಇದ್ದ ಗ್ರೇಡ್ 2ಕ್ಕೂ ಎರಡು ತಿಂಗಳು ಬಿಡದೆ ಕಾಡಿದ ಗ್ರೇಡ್ 2ಕ್ಕೂ ಅಂಕಿ ಒಂದೇ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇಮಾಟಿನಿಬ್ ಮಾತ್ರೆಯನ್ನು ವರ್ಷಗಟ್ಟಲೆ ದಿನವೂ ನುಂಗುತ್ತಾರೆ. ಕಣ್ಣಿನ ಸುತ್ತ ಊತ, ಮೀನಖಂಡದ ಸೆಳೆತ, ಎಲ್ಲ ಗ್ರೇಡ್ 1. ಫೈಲಿನಲ್ಲಿ ಅದು ಏನೂ ಅಲ್ಲ. ಪ್ರತಿ ರಾತ್ರಿ ಸೆಳೆತಕ್ಕೆ ಎಚ್ಚರಾಗುವವನು ಮಾತ್ರ ಒಂದು ದಿನ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾನೆ, ಹತೋಟಿಯಲ್ಲಿದ್ದ ಕಾಯಿಲೆ ತಿರುಗಿ ಬರುತ್ತದೆ. ಹಾಗಾಗಿ ಎಷ್ಟು ಎನ್ನುವುದರ ಜೊತೆ ಎಷ್ಟು ದಿನದಿಂದ ಎನ್ನುವುದನ್ನೂ ಸೇರಿಸಿ ಹೇಳಿ.

ಈಗ ನಿಮಗೆ ಕಹಿಯಾಗುವ ಮಾತಿಗೆ ಬರುತ್ತೇನೆ.

ನಿಮ್ಮಲ್ಲಿ ಅನೇಕರು ಕಾಯಿಲೆಯ ಹೆಸರನ್ನೇ ರೋಗಿಗೆ ಹೇಳಿರುವುದಿಲ್ಲ. ‘ಗಡ್ಡೆ ಅಂತ ಹೇಳಿದೀವಿ ಸಿಸ್ಟರ್, ನೀವೂ ಹಾಗೇ ಹೇಳಿ’ ಎಂದು ಬಾಗಿಲಲ್ಲೇ ನಮ್ಮನ್ನು ತಡೆಯುತ್ತೀರಿ. ಪ್ರೀತಿಯಿಂದ ಮಾಡುತ್ತೀರಿ, ಗೊತ್ತು. ಆದರೆ ತನಗೆ ಕೊಡುತ್ತಿರುವುದು ಕಿಮೋ ಎಂದೇ ತಿಳಿಯದ ಮನುಷ್ಯ ಜ್ವರ ಬಂದಾಗ ಹೆದರುವುದು ಹೇಗೆ? ಗಡ್ಡೆಗೆ ಕೊಟ್ಟ ಗ್ಲೂಕೋಸಿಗೂ ಬೆರಳಿನ ಜೋಮಿಗೂ ಏನು ಸಂಬಂಧ ಎಂದು ಆತನಿಗೆ ಹೊಳೆಯುವುದು ಹೇಗೆ? ಬಾಯಿ ಹುಣ್ಣನ್ನು ಉಷ್ಣ ಎಂದುಕೊಳ್ಳುತ್ತಾನೆ, ಸುಸ್ತನ್ನು ವಯಸ್ಸು ಎಂದುಕೊಳ್ಳುತ್ತಾನೆ, ನಾವು ಕೇಳಿದರೆ ‘ಏನಿಲ್ಲಮ್ಮ’ ಎನ್ನುತ್ತಾನೆ. ಅವನ ಮಟ್ಟಿಗೆ ಅದು ನಿಜವೇ. ನಮಗೂ ಬಿಡಿಸಿ ಕೇಳುವ ಹಾಗಿಲ್ಲ, ನಿಮ್ಮ ಕಣ್ಣು ನಮ್ಮ ಮೇಲೇ ಇರುತ್ತದೆ. ಕಾಯಿಲೆಯ ಹೆಸರು ಹೇಳುವುದು ಬಿಡುವುದು ನಿಮ್ಮ ಮನೆಯ ತೀರ್ಮಾನ ಎಂದು ನೀವು ವಾದಿಸಬಹುದು. ನಾನು ಒಪ್ಪುವುದಿಲ್ಲ, ಅದು ರೋಗಿಯ ತೀರ್ಮಾನ. ಅಷ್ಟು ದೂರ ಬರಲು ನಿಮ್ಮ ಮನಸ್ಸು ಒಪ್ಪದಿದ್ದರೆ ಇಷ್ಟಾದರೂ ಹೇಳಿ: ಇದು ಗಟ್ಟಿ ಔಷಧ, ಇಂತಿಂಥ ತೊಂದರೆ ಕೊಡುತ್ತದೆ, ಆದಾಗ ಮುಚ್ಚಿಡಬೇಡ.

ಹೇಳಿದ ಮನೆಗಳಲ್ಲೂ ನಿಮ್ಮ ಮುಂದೆ ಆಡಲಾಗದ ಮಾತುಗಳಿರುತ್ತವೆ. ಗರ್ಭಕೊರಳಿಗೆ ಕರೆಂಟ್ ಕೊಡಿಸಿಕೊಂಡ ಹೆಂಗಸು ಮಗನ ಎದುರಿಗೆ ಬಿಳಿ ಹೋಗುವುದನ್ನು ಹೇಳುವುದಿಲ್ಲ. ಪ್ರಾಸ್ಟೇಟ್ ಚಿಕಿತ್ಸೆಯಾದ ಅಪ್ಪ ಮಗಳ ಎದುರಿಗೆ ಉಚ್ಚೆ ಸೋರುವುದನ್ನು ಹೇಳುವುದಿಲ್ಲ. ಗಂಡ ಹೆಂಡತಿ ಸೇರುವ ವಿಷಯವಂತೂ ಯಾರ ಬಾಯಲ್ಲೂ ಬರದು. ಇವಕ್ಕೂ ಪಟ್ಟಿಯಲ್ಲಿ ಗ್ರೇಡ್ ಇದೆ, ಇವಕ್ಕೂ ಚಿಕಿತ್ಸೆ ಇದೆ. ಐದು ನಿಮಿಷ ಹೊರಗೆ ನಿಂತುಕೊಳ್ಳಿ. ನಾವು ಹೇಳಬೇಕಾದ ಮಾತು ಅದು, ಸಂಕೋಚಕ್ಕೆ ಹೇಳುವುದಿಲ್ಲ.

ನೀವು ಮುಚ್ಚಿಡುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಇವತ್ತು ಕಿಮೋ ಆಗದಿದ್ದರೆ ಮತ್ತೊಂದು ವಾರದ ಕೂಲಿ ಹೋಯಿತು, ಧರ್ಮಛತ್ರದಲ್ಲಿ ಮತ್ತೆ ಜಾಗ ಹುಡುಕಬೇಕು, ಹೋಗಿ ಬರುವ ಬಸ್ ಚಾರ್ಜು ಬೇರೆ. ಅಷ್ಟು ದೂರದಿಂದ ಬಂದವರಿಗೆ ‘ಈ ಸಲ ಬೇಡ, ಮುಂದಿನ ವಾರ ಬನ್ನಿ’ ಎಂಬ ಮಾತು ಶಾಪದಂತೆ ಕೇಳುತ್ತದೆ. ಅದಕ್ಕೇ ಹೊರಡುವ ಮುಂಚೆ ಫೋನು ಮಾಡಿ, ತೊಂದರೆಗಳನ್ನು ಹೇಳಿ. ಊರಲ್ಲೇ ಕೌಂಟ್ ಮಾಡಿಸಿಕೊಂಡು ಬನ್ನಿ ಎಂದು ನಾವು ಹೇಳಬಹುದು, ಒಂದು ಓಡಾಟ ಉಳಿಯಬಹುದು. ಮೂರರ ಗ್ರೇಡನ್ನು ಒಂದು ಎಂದು ಹೇಳಿ ಕಿಮೋ ಹಾಕಿಸಿಕೊಂಡರೆ ಮುಂದಿನ ಖರ್ಚು ಐಸಿಯುವಿನದು.

ಹೇಳುವುದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ ಎಂದು ಕೇಳುವವರಿಗೆ ಎರಡು ಅಧ್ಯಯನಗಳ ಮಾತು ಹೇಳುತ್ತೇನೆ. 2015ರಲ್ಲಿ ಇಟಲಿಯ ಸಂಶೋಧಕರು 1,090 ರೋಗಿಗಳ ಪ್ರಯೋಗ ದಾಖಲೆಗಳನ್ನು ತೆರೆದು, ರೋಗಿಗಳೇ ಬರೆದುಕೊಟ್ಟ ತೊಂದರೆಗಳನ್ನು ಡಾಕ್ಟರು ಬರೆದದ್ದರ ಜೊತೆ ಇಟ್ಟು ನೋಡಿದರು. ವಾಕರಿಕೆ, ಭೇದಿ, ಮಲಬದ್ಧತೆ ಇಂಥ ಆರು ತೊಂದರೆಗಳಲ್ಲಿ, ರೋಗಿ ಇದೆ ಎಂದದ್ದನ್ನು ಡಾಕ್ಟರು ಬರೆಯದೆ ಬಿಟ್ಟದ್ದು ತೊಂದರೆಯನ್ನವಲಂಬಿಸಿ ಶೇ. 40ರಿಂದ 74ರವರೆಗೆ ಇತ್ತು. ಅಂದರೆ ತಪ್ಪೆಲ್ಲ ನಿಮ್ಮದೆಂದು ನಾನು ಹೇಳುತ್ತಿಲ್ಲ; ಕೇಳುವವರೂ ಕಿವುಡರಾಗುತ್ತಾರೆ. ಇನ್ನೊಂದು ನ್ಯೂಯಾರ್ಕಿನದು. ಈಥನ್ ಬ್ಯಾಶ್ ಎಂಬ ವೈದ್ಯರು ಮತ್ತವರ ತಂಡ, ಕ್ಯಾನ್ಸರ್ ಹರಡಿದ್ದ 766 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದು ಗುಂಪಿನವರು ತಮ್ಮ ಹನ್ನೆರಡು ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ಗುರುತಿಸುತ್ತಿದ್ದರು. ಏರುಪೇರಾದರೆ ನರ್ಸಿಗೆ ಸುದ್ದಿ ಹೋಗುತ್ತಿತ್ತು. ಹೀಗೆ ಹೇಳಿಕೊಂಡವರು ಸರಾಸರಿ 8.2 ತಿಂಗಳು ಕಿಮೋ ತಡೆದುಕೊಂಡರು, ಉಳಿದವರು 6.3 ತಿಂಗಳು. 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಹೇಳಿಕೊಂಡವರ ಮಧ್ಯಮ ಆಯಸ್ಸು 31.2 ತಿಂಗಳು, ಮಾಮೂಲಿ ಆರೈಕೆಯವರದು 26. ಹೊಸ ಔಷಧ ಯಾವುದೂ ಇರಲಿಲ್ಲ. ತೊಂದರೆಯನ್ನು ಹೊತ್ತಿಗೆ ಸರಿಯಾಗಿ ಹೇಳಿದ್ದು, ಕೇಳಿಸಿಕೊಂಡದ್ದು, ಅಷ್ಟೆ.

ಔಷಧ ಪ್ರಯೋಗದಲ್ಲಿ ಇರುವವರ ಮನೆಯವರಿಗೆ ಮಾತ್ರ ಇದೊಂದು: ಊರಲ್ಲಿ ಬೇರೆ ಆಸ್ಪತ್ರೆಗೆ ಸೇರಿಸಿದರೆ ಆವತ್ತೇ ನಮಗೆ ಫೋನು ಮಾಡಿ. ಔಷಧ ಪ್ರಯೋಗಗಳಿಗಾಗಿ ಸರ್ಕಾರ ಮಾಡಿದ 2019ರ ನಿಯಮದಂತೆ ಅಂಥದ್ದನ್ನು ಪ್ರಯೋಗದ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು. ಪ್ರಯೋಗದಲ್ಲಿ ಇಲ್ಲದವರೂ ಔಷಧದ ಅಡ್ಡಪರಿಣಾಮವನ್ನು ಸರ್ಕಾರದ ಔಷಧ ನಿಗಾ ಕಾರ್ಯಕ್ರಮಕ್ಕೆ ನೇರವಾಗಿ ತಿಳಿಸಬಹುದು, ಉಚಿತ ಕರೆಯ ಸಂಖ್ಯೆ 1800-180-3024.

ಮನೆಯಲ್ಲೊಂದು ನೂರು ಹಾಳೆಯ ನೋಟ್‌ಬುಕ್ಕು ಇಡಿ. ಕಿಮೋ ಆದ ದಿನದಿಂದ ತಾರೀಖು ಹಾಕಿ ಬರೆಯಿರಿ: ಜ್ವರ ಎಷ್ಟು ಡಿಗ್ರಿ, ಭೇದಿ ಎಷ್ಟು ಸಲ, ಏನು ತಿಂದರು, ಯಾವ ಕೆಲಸ ಬಿಟ್ಟರು, ಎಷ್ಟು ಹೊತ್ತು ಮಲಗಿದ್ದರು, ಮಲಗಿ ಎದ್ದ ಮೇಲೆ ಸುಸ್ತು ಇಳಿಯಿತೋ ಇಲ್ಲವೋ. ಗ್ರೇಡ್ ಹಾಕುವ ಕೆಲಸ ನಿಮ್ಮದಲ್ಲ, ಅದನ್ನು ನಾವು ಮಾಡುತ್ತೇವೆ. ಮುಂದಿನ ಸೈಕಲ್‌ಗೆ ಬಂದಾಗ ನಮ್ಮ ಪ್ರಶ್ನೆಗೆ ಮೊದಲು ರೋಗಿ ಉತ್ತರಿಸಲಿ, ಎಷ್ಟೇ ನಿಧಾನವಾದರೂ. ಅವರು ಮುಗಿಸಿದ ಮೇಲೆ ನಿಮ್ಮ ಪುಸ್ತಕ ತೆರೆಯಿರಿ. ಡಾಕ್ಟರು ಅವಸರದಲ್ಲಿದ್ದರೆ ಅದನ್ನು ಅವರ ಮೇಜಿನ ಮೇಲಿಟ್ಟು, ‘ಇದನ್ನು ಫೈಲಿನಲ್ಲಿ ಬರೆಯಿರಿ ಸಾರ್’ ಎಂದು ಕೇಳಿ. ಬರೆಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ಇಂತಿ,
ಕಿಮೋ ವಾರ್ಡಿನ ಒಬ್ಬ ನರ್ಸ್